ಸೂಪರ್‌ಚಾರ್ಜರ್ ಇರುವ ಕಾರು: ಸಣ್ಣ ಥ್ರಾಟಲ್‌ನಲ್ಲಿ ಜರ್ಕ್, ಐಡಲಿಂಗ್‌ನಲ್ಲಿ ನಡುಕ, ಮೇಲೆ ಮಿಸ್ಸಿಂಗ್. ಎಲ್ಲಿಂದ ಹುಡುಕಲಿ?

ಗಾಳಿಗೊಳವೆ

ಎಲ್ಲರಿಗೂ ನಮಸ್ಕಾರ. 1.6 ಲೀಟರ್, ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್. ಬೆಲ್ಟ್‌ನಿಂದ ತಿರುಗುವ ಈಟನ್ ಎಂ45 ಸೂಪರ್‌ಚಾರ್ಜರ್ (ಇಂಜಿನ್ನಿಗೆ ಗಾಳಿ ತಳ್ಳುವ ಬ್ಲೋವರ್), ಮೇಲೆ ಆ ಗಾಳಿ ತಣಿಸುವ ಏರ್-ಟು-ಏರ್ ಇಂಟರ್‌ಕೂಲರ್. ಏರ್ ಫಿಲ್ಟರ್ ದಾಟಿದ ಮೇಲೆ ಒಳಬರುವ ಗಾಳಿ ಅಳೆಯುವ ಏರ್ ಮಾಸ್ ಸೆನ್ಸರ್, ಆಮೇಲೆ ಎಲೆಕ್ಟ್ರಾನಿಕ್ ಥ್ರಾಟಲ್ (ಗಾಳಿಯ ಬಾಗಿಲು), ಆಮೇಲೆ ಸೂಪರ್‌ಚಾರ್ಜರ್. ಒಂದೂವರೆ ಲಕ್ಷ ಕಿ.ಮೀ. ಓಡಿದೆ.

ತೊಂದರೆ ಮೂರು ಥರ ಇದೆ. ಐಡಲಿಂಗ್ 750ರಲ್ಲಿ ನಿಲ್ಲಬೇಕಾದ್ದು 650ಕ್ಕೂ 900ಕ್ಕೂ ನಡುವೆ ಆಡುತ್ತೆ, ಸ್ಟೀರಿಂಗ್‌ವರೆಗೂ ನಡುಕ ಬರುತ್ತೆ. ಎರಡನೆಯದು, 2000ದಿಂದ 2800 ಆರ್‌ಪಿಎಂ ನಡುವೆ ಪೆಡಲನ್ನು ಒಂದೇ ಹದದಲ್ಲಿ ಹಿಡಿದರೂ ಕಾರು ತೊಟ್ಟಿಲ ಹಾಗೆ ಹಿಂದೆ ಮುಂದೆ ತೂಗುತ್ತೆ. ಒಂಚೂರು ಒತ್ತಿದರೆ ಏನೂ ಆಗಲ್ಲ, ಇನ್ನೊಂಚೂರು ಒತ್ತಿದರೆ ಎಗರುತ್ತೆ. ಮೂರನೆಯದು, ಪೂರ್ತಿ ತುಳಿದಾಗ 4500ರ ಮೇಲೆ ಮಿಸ್ಸಿಂಗ್, ಅಂದರೆ ಸಿಲಿಂಡರ್ ಸರಿಯಾಗಿ ಉರಿಯದೆ ಇಂಜಿನ್ ಮುಗ್ಗರಿಸುತ್ತೆ.

ಸ್ಕ್ಯಾನರ್‌ನಲ್ಲಿ ಪಿ0171 (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ) ಮತ್ತು ಪಿ0300 (ಮಿಸ್ಸಿಂಗ್) ಕೋಡ್‌ಗಳಿವೆ. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಂಜಿನ್ ಕಂಪ್ಯೂಟರ್ ಪೆಟ್ರೋಲ್‌ಗೆ ಮಾಡುವ ಶೇಕಡಾ ತಿದ್ದುಪಡಿ) ಐಡಲಿಂಗ್‌ನಲ್ಲಿ +16, 2500ರಲ್ಲಿ ಹಾಗೇ ನಿಲ್ಲಿಸಿದರೆ +6. ಬೂಸ್ಟ್ (ಸೂಪರ್‌ಚಾರ್ಜರ್ ಕೊಡುವ ಹೆಚ್ಚುವರಿ ಒತ್ತಡ) 0.78 ಬಾರ್ ಬರಬೇಕಾದ ಕಡೆ 0.58 ಅಷ್ಟೇ. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಹೊಸದು ಹಾಕಿದ್ದಾಯ್ತು, ಬದಲಾವಣೆ ಇಲ್ಲ. ಸೂಪರ್‌ಚಾರ್ಜರೇ ಹೋಗಿದೆ, ಬಿಚ್ಚಿಬಿಡಿ ಅಂತ ಸಲಹೆ ಬಂದಿದೆ. ಬಿಚ್ಚುವ ಮೊದಲು ಏನೇನು ನೋಡಬೇಕು?

ಟ್ರಿಮ್ ಟೇಬಲ್

ಸೂಪರ್‌ಚಾರ್ಜರ್ ಮುಟ್ಟಬೇಡಿ. ರೋಟರ್ ಸವೆದಿದ್ದರೆ ಬೂಸ್ಟ್ ಕಡಿಮೆಯಾಗುತ್ತದೆ, ಸದ್ದು ಬರುತ್ತದೆ. ಆದರೆ ಐಡಲಿಂಗ್‌ನಲ್ಲಿ +16 ಟ್ರಿಮ್ ಬರಲು ಅದು ಕಾರಣವಾಗದು. ಏರ್ ಮಾಸ್ ಸೆನ್ಸರ್ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ಬರುತ್ತಿದೆ, ಅಥವಾ ಪೆಟ್ರೋಲ್ ಸಾಲುತ್ತಿಲ್ಲ. ಇವೆರಡರಲ್ಲಿ ಯಾವುದು ಎಂಬುದನ್ನು ನಿಮ್ಮ ಟ್ರಿಮ್‌ಗಳೇ ಅರ್ಧ ಹೇಳಿಬಿಟ್ಟಿವೆ.

ಗಾಳಿಯ ದಾರಿಯನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಿಮ್ಮ ಕಾರಿನಲ್ಲಿ ಥ್ರಾಟಲ್ ಇರುವುದು ಸೂಪರ್‌ಚಾರ್ಜರ್‌ಗಿಂತ ಮೊದಲು. ಹಾಗಾಗಿ ಐಡಲಿಂಗ್‌ನಲ್ಲಿ ಸೂಪರ್‌ಚಾರ್ಜರ್, ಇಂಟರ್‌ಕೂಲರ್, ಅದರ ರಬ್ಬರ್ ಬೂಟ್‌ಗಳು, ಮ್ಯಾನಿಫೋಲ್ಡ್ ಎಲ್ಲವೂ ನಿರ್ವಾತದಲ್ಲಿರುತ್ತವೆ. ಅಲ್ಲಿ ಎಲ್ಲಿ ಸಂದಿಯಿದ್ದರೂ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಅದೇ ಸಂದಿಯಿಂದ, ಪೂರ್ತಿ ತುಳಿದಾಗ, ಸೆನ್ಸರ್ ಎಣಿಸಿಬಿಟ್ಟ ಗಾಳಿ ಹೊರಗೆ ಹೋಗುತ್ತದೆ. ಹಾಗೆ ಹೊರಹೋದ ಗಾಳಿಗೂ ಸೇರಿಸಿ ಇಸಿಯು (ಇಂಜಿನ್ ಕಂಪ್ಯೂಟರ್) ಪೆಟ್ರೋಲ್ ಸುರಿಯುತ್ತದೆ. ಅಂದರೆ ಒಂದೇ ತೂತು ಕೆಳಗೆ ಲೀನ್ (ಪೆಟ್ರೋಲ್ ಕಡಿಮೆ), ಮೇಲೆ ರಿಚ್ (ಪೆಟ್ರೋಲ್ ಜಾಸ್ತಿ). ಜೊತೆಗೆ ಕೆಲವು ಇಸಿಯುಗಳು ಐಡಲಿಂಗ್‌ನಲ್ಲಿ ಕಲಿತ ಪ್ಲಸ್ ಟ್ರಿಮ್ಮಿನ ಒಂದು ಪಾಲನ್ನು ಮೇಲಕ್ಕೂ ಒಯ್ಯುತ್ತವೆ. ಆಗ ಇನ್ನೂ ರಿಚ್.

ಪೆಟ್ರೋಲ್ ಸಾಲದಿದ್ದರೆ ಚಿತ್ರ ತಿರುಗುಮುರುಗು. ಐಡಲಿಂಗ್‌ನಲ್ಲಿ ಟ್ರಿಮ್ ಸುಮಾರಾಗಿರುತ್ತದೆ, ಲೋಡ್ ಏರಿದಂತೆ ಪ್ಲಸ್ ಏರುತ್ತದೆ, ಪೂರ್ತಿ ತುಳಿದಾಗ ಲೀನ್. ಏರ್ ಮಾಸ್ ಸೆನ್ಸರ್‌ಗೆ ಕೊಳೆ ಕೂತಿದ್ದರೂ ಹೆಚ್ಚುಕಡಿಮೆ ಹೀಗೇ. ನಿಮ್ಮದು ಐಡಲಿಂಗ್‌ನಲ್ಲಿ ಹೆಚ್ಚು, 2500ರಲ್ಲಿ ಕಡಿಮೆ. ಇದು ಏರ್ ಲೀಕ್‌ನ ಗುರುತು.

ಖಚಿತ ಮಾಡಿಕೊಳ್ಳಲು ಒಂದು ಲಾಗ್ ಬೇಕು: ಆರ್‌ಪಿಎಂ, ಥ್ರಾಟಲ್ ಕೋನ, ಏರ್ ಮಾಸ್, ಮ್ಯಾನಿಫೋಲ್ಡ್ ಪ್ರೆಷರ್, ಎರಡೂ ಟ್ರಿಮ್ (ಶಾರ್ಟ್ ಟರ್ಮ್, ಲಾಂಗ್ ಟರ್ಮ್), ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಹದ; 1ಕ್ಕಿಂತ ಕಡಿಮೆ ಎಂದರೆ ರಿಚ್), ಇಗ್ನಿಷನ್ ಟೈಮಿಂಗ್, ಇಂಟೇಕ್ ಗಾಳಿಯ ಉಷ್ಣತೆ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ ಎರಡು ನಿಮಿಷ, 2500ರಲ್ಲಿ ಒಂದು ನಿಮಿಷ, ಜರ್ಕ್ ಬರುವ ವೇಗದಲ್ಲಿ ಒಂದು ನಿಮಿಷ, ಕೊನೆಗೆ ಮೂರನೇ ಗೇರ್‌ನಲ್ಲಿ 2500ರಿಂದ 5500ವರೆಗೆ ಒಂದೇ ಒಂದು ಪೂರ್ತಿ ತುಳಿತ. ಈ ಕೊನೆಯದನ್ನು ಡೈನೋ ಮೇಲೋ ಮುಚ್ಚಿದ ಟ್ರ್ಯಾಕ್‌ನಲ್ಲೋ ಮಾಡಿ, ಪರದೆ ನೋಡಲು ಪಕ್ಕದಲ್ಲಿ ಇನ್ನೊಬ್ಬರಿರಲಿ. ಲ್ಯಾಂಬ್ಡಾ 0.9 ದಾಟಿ ಮೇಲೆ ಹೋದರೆ ಅಲ್ಲೇ ಕಾಲು ತೆಗೆಯಿರಿ. ಬೂಸ್ಟ್‌ನಲ್ಲಿ ಲೀನ್ ಓಡಿಸಿದರೆ ನಾಕಿಂಗ್ (ಸಿಲಿಂಡರ್ ಒಳಗೆ ಹತೋಟಿ ತಪ್ಪಿದ ಉರಿ) ಬಂದು ಪಿಸ್ಟನ್ನಿನ ರಿಂಗ್ ಪಟ್ಟಿ ಒಡೆಯುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಇದೊಂದು ವಿಷಯದಲ್ಲಿ ದಯವಿಟ್ಟು ಅವಸರ ಬೇಡ.

ಆಮೇಲೆ ಸ್ಮೋಕ್ ಟೆಸ್ಟ್, ಅಂದರೆ ಒಳಗೆ ಹೊಗೆ ತುಂಬಿ ಅದು ಎಲ್ಲಿಂದ ಹೊರಬರುತ್ತದೆ ಎಂದು ನೋಡುವುದು. ಥ್ರಾಟಲ್ ಮುಚ್ಚಿರುವುದರಿಂದ ಫಿಲ್ಟರ್ ಕಡೆಯಿಂದ ಹೊಗೆ ಬಿಟ್ಟರೆ ಅದು ಥ್ರಾಟಲ್ ಪ್ಲೇಟ್‌ವರೆಗೆ ಹೋಗಿ ನಿಲ್ಲುತ್ತದೆ, ಅದರಾಚೆಗಿನ ಭಾಗ ಪರೀಕ್ಷೆಯಾಗಿರುವುದೇ ಇಲ್ಲ. ಎಷ್ಟೋ ಕಡೆ ‘ಸ್ಮೋಕ್ ಟೆಸ್ಟ್ ಪಾಸ್’ ಎನ್ನುವುದು ಹೀಗೆ. ಬ್ರೇಕ್ ಬೂಸ್ಟರ್‌ಗೆ ಹೋಗುವ ಹೋಸನ್ನು ಮ್ಯಾನಿಫೋಲ್ಡ್ ತುದಿಯಲ್ಲಿ ಬಿಚ್ಚಿ ಅಲ್ಲಿಂದ ಹೊಗೆ ಬಿಡಿ. ಒತ್ತಡ 0.05 ಬಾರ್ ಆಸುಪಾಸು ಸಾಕು. ರೋಟರ್‌ಗಳ ನಡುವೆ ಸಣ್ಣ ಸಂದಿ ಇದ್ದೇ ಇರುವುದರಿಂದ ಹೊಗೆ ಸೂಪರ್‌ಚಾರ್ಜರ್‌ನ ಎರಡೂ ಕಡೆ ತಾನಾಗಿ ಹರಡುತ್ತದೆ. ಐದು ನಿಮಿಷ ಬಿಡಿ, ಟಾರ್ಚ್ ಹಿಡಿದು ನೋಡಿ. ಇಂಟರ್‌ಕೂಲರ್ ಬೂಟ್‌ಗಳ ಕೆಳಭಾಗ, ಇಂಜೆಕ್ಟರ್ ಓ-ರಿಂಗ್, ಥ್ರಾಟಲ್ ಗ್ಯಾಸ್ಕೆಟ್, ಪಿಸಿವಿ (ಕ್ರ್ಯಾಂಕ್‌ಕೇಸಿನ ಆವಿಯನ್ನು ಇಂಜಿನ್ನಿಗೆ ವಾಪಸ್ ಒಯ್ಯುವ) ಹೋಸಿನ ಮಡಿಕೆ, ಬೈಪಾಸ್ ವಾಲ್ವನ್ನು ನಡೆಸುವ ಆಕ್ಚುಯೇಟರ್ – ಈ ಐದು ಜಾಗ ಬಿಡಬೇಡಿ.

ಹೊಗೆಯಲ್ಲಿ ಸಿಗದಿದ್ದರೆ ಮಾತ್ರ ಗಾಳಿ ತುಂಬಿ ನೋಡಿ: 0.2 ಬಾರ್‌ನಿಂದ ಶುರು, 0.5 ದಾಟುವುದು ಬೇಡ. ಆಗ ಪಿಸಿವಿ ದಾರಿ ಮುಚ್ಚಿ, ಆಯಿಲ್ ಕ್ಯಾಪ್ ತೆಗೆದಿಡಿ. ಇಲ್ಲವಾದರೆ ಒತ್ತಡ ಕ್ರ್ಯಾಂಕ್‌ಕೇಸಿಗೆ ಇಳಿದು ಆಯಿಲ್ ಸೀಲ್ ಹೊರಗೆ ಬರುತ್ತದೆ. ಓಡುವ ಇಂಜಿನ್ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಹೊಡೆದು ಲೀಕ್ ಹುಡುಕುವ ರೂಢಿ ಇದೆಯಲ್ಲ, ಅದನ್ನು ಬಿಡಿ. ಪಕ್ಕದಲ್ಲೇ ಕಾದ ಎಕ್ಸಾಸ್ಟ್ ಇರುತ್ತದೆ, ರಬ್ಬರ್ ಬೂಟ್ ಕೂಡ ಉಬ್ಬುತ್ತದೆ.

ಡಯಾಫ್ರಾಂ

ಟ್ರಿಮ್ ವಿಚಾರ ಮೇಲಿನವರು ಹೇಳಿದ್ದು ಸರಿ. ಆದ್ರೆ ನಿಮ್ಮ ಎರಡನೇ ತೊಂದರೆ, ಆ ತೊಟ್ಟಿಲು ತೂಗೋದು, ಬೈಪಾಸ್ ವಾಲ್ವಿಂದು. ಅದನ್ನೇ ಮೊದಲು ನೋಡಿ, ಸ್ಮೋಕ್ ಮಷೀನ್ ಕೂಡ ಬೇಡ.

ಈ ವಾಲ್ವ್ ಯಾಕಿದೆ ಅಂದ್ರೆ, ರೂಟ್ಸ್ ಬ್ಲೋವರ್, ಅಂದ್ರೆ ನಿಮ್ಮ ಥರದ ಸೂಪರ್‌ಚಾರ್ಜರ್, ಇಂಜಿನ್ ಜೊತೆ ಯಾವಾಗ್ಲೂ ತಿರುಗ್ತಾನೇ ಇರುತ್ತೆ, ಬೂಸ್ಟ್ ಬೇಡದಿದ್ರೂ. ಆಗ ಅದು ತಳ್ಳಿದ ಗಾಳೀನ ಮತ್ತೆ ಅದರ ಬಾಯಿಗೇ ಸುತ್ತಿಸೋ ಬಾಗಿಲು ಇದು. ಸ್ಪ್ರಿಂಗ್ ಅದನ್ನ ಮುಚ್ಚೋಕೆ ನೋಡುತ್ತೆ, ಇಂಜಿನ್ನಿನ ನಿರ್ವಾತ ಡಯಾಫ್ರಾಮನ್ನ ಎಳೆದು ತೆರೆದಿಟ್ಟಿರುತ್ತೆ. ಪೆಡಲ್ ಒತ್ತಿದಾಗ ನಿರ್ವಾತ ಬೀಳುತ್ತೆ, ಬಾಗಿಲು ಮುಚ್ಚುತ್ತೆ, ಬೂಸ್ಟ್ ಬರುತ್ತೆ.

ಡಯಾಫ್ರಾಂ ಕೂದಲೆಳೆಯಷ್ಟು ಹರಿದಿದೆ ಅಂತಿಟ್ಕೊಳ್ಳಿ. ಮ್ಯಾನಿಫೋಲ್ಡ್‌ನಲ್ಲಿ ಇರೋ ನಿರ್ವಾತ ಆಕ್ಚುಯೇಟರ್ ಒಳಗೆ ಪೂರ್ತಿ ನಿಲ್ಲಲ್ಲ. ಹಾಗಾಗಿ ಬಾಗಿಲು ಬೇಗನೇ, ನೀವು ಹಾಯಾಗಿ ಸಣ್ಣ ಥ್ರಾಟಲ್‌ನಲ್ಲಿ ಹೋಗ್ತಿರುವಾಗ್ಲೇ, ಮುಚ್ಚೋಕೆ ಶುರುವಾಗುತ್ತೆ. ಒಂಚೂರು ಮುಚ್ಚಿದ್ರೆ ಮ್ಯಾನಿಫೋಲ್ಡ್‌ಗೆ ಗಾಳಿ ಜಾಸ್ತಿ, ನಿರ್ವಾತ ಇನ್ನೂ ಬೀಳುತ್ತೆ, ಬಾಗಿಲು ಇನ್ನೂ ಮುಚ್ಚುತ್ತೆ. ಕಾರು ಎಗರುತ್ತೆ, ನೀವು ಕಾಲು ಸಡಿಲ ಮಾಡ್ತೀರಿ, ನಿರ್ವಾತ ಏರಿ ಬಾಗಿಲು ತೆರೆಯುತ್ತೆ, ಎಳೆತ ಹೋಗುತ್ತೆ. ಮತ್ತೆ ಒತ್ತುತ್ತೀರಿ. ತೂಗೋದು ಇದೇ. ಹರಿದ ಡಯಾಫ್ರಾಂ ಐಡಲಿಂಗ್‌ನಲ್ಲಿ ಲೆಕ್ಕ ತಪ್ಪಿದ ಗಾಳೀನೂ ಒಳಗೆ ಬಿಡುತ್ತೆ, ಹಾಗಾಗಿ ನಿಮ್ಮ +16ರಲ್ಲೂ ಅದರ ಪಾಲು ಇರಬಹುದು.

ನೋಡೋದು ಹೀಗೆ. ಇಂಜಿನ್ ಆಫ್ ಇರುವಾಗ ಆಕ್ಚುಯೇಟರ್‌ನ ನಿರ್ವಾತ ಹೋಸ್ ಬಿಚ್ಚಿ, ಕೈಯಲ್ಲಿ ಒತ್ತೋ ವ್ಯಾಕ್ಯೂಮ್ ಪಂಪ್ ಹಾಕಿ. ನಿಧಾನ ಎಳೀತಾ, ಆಕ್ಚುಯೇಟರ್‌ನಿಂದ ವಾಲ್ವಿಗೆ ಹೋಗೋ ಕಡ್ಡಿ ಮೇಲೆ ಕಣ್ಣಿಡಿ. 10 ಇಂಚ್ ಪಾದರಸ ಬರೋ ಹೊತ್ತಿಗೆ ಕಡ್ಡಿ ಪೂರ್ತಿ ಎಳೆದು ನಿಂತಿರಬೇಕು. 15ಕ್ಕೆ ಏರಿಸಿ ಒಂದು ನಿಮಿಷ ಬಿಡಿ, ಮುಳ್ಳು ಅಲ್ಲಾಡಬಾರದು. ಬಿದ್ರೆ ಡಯಾಫ್ರಾಂ ಹೋಗಿದೆ.

ಮುಳ್ಳು ನಿಂತ್ರೂ ಅಲ್ಲಿಗೇ ಬಿಡಬೇಡಿ. ಪಂಪಿನ ಬಿಡುಗಡೆ ಲಿವರ್ ಒಂಚೂರೇ ಒತ್ತಿ ನಿರ್ವಾತ ಹನಿಹನಿಯಾಗಿ ಇಳಿಸಿ. ಕಡ್ಡಿ ಗಡಿಯಾರದ ಮುಳ್ಳಿನ ಹಾಗೆ ನುಣ್ಣಗೆ ವಾಪಸ್ ಬರಬೇಕು. ನಡುವೆ ತಡೆದು ಆಮೇಲೆ ‘ಟಕ್’ ಅಂತ ಬಿದ್ರೆ, ಬಟರ್‌ಫ್ಲೈ (ಬಾಗಿಲಿನ ಪ್ಲೇಟ್) ಅಂಚಿಗೆ ಪಿಸಿವಿಯ ಎಣ್ಣೆ ಮಸಿ ಕೂತು ಅಂಟಿದೆ, ಇಲ್ಲಾ ಶಾಫ್ಟ್ ಬುಷ್ ಸವೆದಿದೆ. ಮಸಿಯಾದ್ರೆ ಬಟ್ಟೆಗೆ ಥ್ರಾಟಲ್ ಬಾಡಿ ಕ್ಲೀನರ್ ಹಾಕಿ ಒರೆಸಿ. ನೇರ ಹೊಡೆದ್ರೆ ಅದು ಹರಿದು ರೋಟರ್ ಮೇಲಿನ ಲೇಪನಕ್ಕೂ ಹಿಂದಿನ ಬೇರಿಂಗ್ ಸೀಲಿಗೂ ತಾಗುತ್ತೆ. ಶಾಫ್ಟ್ ತುದಿ ಬೆರಳಲ್ಲಿ ಅಲ್ಲಾಡಿಸಿದಾಗ ಲಡಲಡ ಅಂದ್ರೆ ವಾಲ್ವೇ ಬದಲಿಸಬೇಕು.

ಕಡ್ಡಿ ಪಕ್ಕ ಇರೋ ಸ್ಟಾಪ್ ಸ್ಕ್ರೂ ತಿರುಗಿಸಬೇಡಿ. ಪ್ಲೇಟ್ ಗೋಡೆಗೆ ಉಜ್ಜದ ಹಾಗೆ ಇಟ್ಟಿರೋ ಅಳತೆ ಅದು, ಬೂಸ್ಟ್ ಜಾಸ್ತಿ ಮಾಡೋ ಸ್ಕ್ರೂ ಅಲ್ಲ.

ಕೆಂಪು ಪ್ಲಗ್

ಏರ್ ಲೀಕ್, ಬೈಪಾಸ್ ಎರಡೂ ಒಪ್ಪಿದೆ. ಆದರೆ 4500ರ ಮಿಸ್ಸಿಂಗ್ ಅವೆರಡರಿಂದಲೇ ಎಂದು ನಂಬಿ ಕೂರಬೇಡಿ. ಹೊಸ ಪ್ಲಗ್ ಹಾಕಿದ್ದೇನೆ ಅಂದಿರಿ, ಗ್ಯಾಪ್ ಎಷ್ಟು ಅಂತ ಹೇಳಲಿಲ್ಲ. ಸಿಲಿಂಡರ್ ಒಳಗಿನ ಒತ್ತಡ ಏರಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಬೂಸ್ಟ್ ಇಲ್ಲದ ಇಂಜಿನ್ನಿಗೆ ಹೊಂದುವ 1.0 ಅಥವಾ 1.1 ಮಿ.ಮೀ. ಗ್ಯಾಪ್ ಇಲ್ಲಿ ಐಡಲಿಂಗ್‌ನಲ್ಲಿ ಚೆನ್ನಾಗಿಯೇ ಓಡಿ, ಪೂರ್ತಿ ಬೂಸ್ಟ್‌ನಲ್ಲಿ ಕೈಕೊಡುತ್ತದೆ. ಕೈಪಿಡಿಯಲ್ಲಿ ಬೇರೆ ಅಳತೆ ಇಲ್ಲದಿದ್ದರೆ 0.7ರಿಂದ 0.8ರೊಳಗೆ ಇಡಿ. ಹಲವು ಎಲೆಕ್ಟ್ರೋಡಿನ ಪ್ಲಗ್ ಆಗಿದ್ದರೆ ಬಗ್ಗಿಸಬಾರದು, ಸರಿಯಾದ ನಂಬರಿನದೇ ತರಬೇಕು. ಇರಿಡಿಯಂ ಆದರೆ ಅಳತೆಯ ತಂತಿ ಮಧ್ಯದ ತುದಿಗೆ ಒತ್ತಬಾರದು, ಮುರಿಯುತ್ತದೆ. 14 ಮಿ.ಮೀ. ಥ್ರೆಡ್ಡಿನ ಪ್ಲಗ್‌ಗೆ ಅಲ್ಯೂಮಿನಿಯಂ ಹೆಡ್‌ನಲ್ಲಿ ಸುಮಾರು 25 ನ್ಯೂಟನ್ ಮೀಟರ್ ಟಾರ್ಕ್. ಥ್ರೆಡ್ಡಿಗೆ ಗ್ರೀಸ್ ಬೇಡ.

ಫ್ಯೂಯಲ್ ಪ್ರೆಷರ್ ಒಂದು ಸಲ ಗೇಜ್ ಹಾಕಿ ನೋಡಿ, ಅಂದಾಜು ಬೇಡ. ರೆಗ್ಯುಲೇಟರ್‌ಗೆ ಮ್ಯಾನಿಫೋಲ್ಡ್‌ನಿಂದ ಹೋಸ್ ಬರುವ ವ್ಯವಸ್ಥೆಯಾದರೆ, 3 ಬಾರ್ ಮೂಲ ಒತ್ತಡ 0.8 ಬಾರ್ ಬೂಸ್ಟ್‌ನಲ್ಲಿ 3.8 ಆಗಬೇಕು. ಆ ಹೋಸ್ ಸೀಳಿದ್ದರೆ ಒತ್ತಡ 3ರಲ್ಲೇ ನಿಲ್ಲುತ್ತದೆ, ಇಂಜೆಕ್ಟರ್‌ನ ಆಚೆ ಈಚೆ ವ್ಯತ್ಯಾಸ ಬರೀ 2.2. ಹರಿವು ಒತ್ತಡದ ವರ್ಗಮೂಲದಂತೆ ಬದಲಾಗುವುದರಿಂದ ಶೇ 14ರಷ್ಟು ಪೆಟ್ರೋಲ್ ಕಡಿಮೆ. ಹತ್ತು ಸೆಂಟಿಮೀಟರ್ ರಬ್ಬರ್ ಹೋಸಿನಿಂದ ಇಂಜಿನ್ ಕಳೆದುಕೊಳ್ಳುವ ಪರಿಸ್ಥಿತಿ ಇದು.

ಗಾಳಿಗೊಳವೆ

ಮೂವರಿಗೂ ತುಂಬಾ ಥ್ಯಾಂಕ್ಸ್. ಹೇಳಿದ್ದೆಲ್ಲ ನೋಡಿದ್ದಾಯ್ತು.

ವ್ಯಾಕ್ಯೂಮ್ ಪಂಪ್: 15ಕ್ಕೆ ಎಳೆದರೆ ಎಂಟು ಸೆಕೆಂಡಿನಲ್ಲಿ ಸೊನ್ನೆ. ಬ್ರೇಕ್ ಹೋಸ್ ಕಡೆಯಿಂದ ಹೊಗೆ ಬಿಟ್ಟಾಗ ಆಕ್ಚುಯೇಟರ್‌ನ ಉಸಿರು ತೂತಿನಿಂದ ತೆಳ್ಳಗೆ ಬಂತು. ಇಂಟರ್‌ಕೂಲರ್‌ನ ಬಲಗಡೆ ಬೂಟಿನ ಅಡಿಯಿಂದಲೂ ಬಂತು. ಬೂಟ್ ಹರಿದಿಲ್ಲ, ಒಳಗೆ ಎಣ್ಣೆ ಪಸೆಯಿಂದ ಜಾರಿ ಅಂಚಿನಿಂದ ಒಂದು ಕಡೆ ಕೆಳಗಿಳಿದಿತ್ತು. ಮೇಲಿನಿಂದ ನೋಡಿದರೆ ಗೊತ್ತೇ ಆಗಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ 0.77 ಇತ್ತು, ಅಂದರೆ ನೀವು ಹೇಳಿದ ಹಾಗೆ ರಿಚ್.

ಆಕ್ಚುಯೇಟರ್ ಸಮೇತ ಬೈಪಾಸ್ ವಾಲ್ವ್ ಹೊಸದು, ಬೂಟ್‌ಗಳೆರಡೂ ಹೊಸವು, ಒಳಗೆಲ್ಲ ಒರೆಸಿ ಒಣಗಿಸಿ ಹಾಕಿದೆ. ಈಗ ಟ್ರಿಮ್ ಐಡಲಿಂಗ್‌ನಲ್ಲಿ +3, 2500ರಲ್ಲಿ +2. ಐಡಲಿಂಗ್ 750ರಲ್ಲಿ ಗಟ್ಟಿ ನಿಂತಿದೆ, ತೂಗುವುದು ಹೋಯಿತು. ಲ್ಯಾಂಬ್ಡಾ 0.83. ಪ್ಲಗ್ ಗ್ಯಾಪ್ 1.0 ಇತ್ತು, ಸರಿಯಾದ ನಂಬರಿನದು 0.7 ತಂದು ಹಾಕಿದ ಮೇಲೆ ಮಿಸ್ಸಿಂಗ್ ಇಲ್ಲ.

ಆದರೆ ಬೂಸ್ಟ್ ಮಾತ್ರ 5000ದಲ್ಲಿ 0.62. ಏರ್ ಮಾಸ್ ಸೆಕೆಂಡಿಗೆ 102 ಗ್ರಾಂ, ಇಂಟೇಕ್ ಉಷ್ಣತೆ 60 ಡಿಗ್ರಿ. ಇನ್ನೂ ಎಲ್ಲೋ ಲೀಕ್ ಇದೆಯಾ?

ಟ್ರಿಮ್ ಟೇಬಲ್

ಲೀಕ್ ಇಲ್ಲ. ನೀವು ಕೊಟ್ಟ ಅಂಕಿಗಳಲ್ಲೇ ಉತ್ತರ ಇದೆ, ಲೆಕ್ಕ ಹಾಕಿ ನೋಡಿ.

1.6 ಲೀಟರ್ ಇಂಜಿನ್ ಒಂದು ಸುತ್ತಿಗೆ 0.8 ಲೀಟರ್ ಗಾಳಿ ಎಳೆಯುತ್ತದೆ. 5000 ಆರ್‌ಪಿಎಂ ಎಂದರೆ ಸೆಕೆಂಡಿಗೆ ಸುಮಾರು 67 ಲೀಟರ್. 0.62 ಬಾರ್ ಬೂಸ್ಟ್, ಅಂದರೆ ಒಟ್ಟು 1.62 ಬಾರ್, 60 ಡಿಗ್ರಿ. ಆ ಗಾಳಿ ಲೀಟರಿಗೆ 1.7 ಗ್ರಾಂ ತೂಗುತ್ತದೆ. ಗುಣಿಸಿದರೆ 113. ಸಿಲಿಂಡರ್ ತುಂಬುವ ಪ್ರಮಾಣ ಶೇ 90 ಎಂದು ಹಿಡಿದರೆ 102 ಗ್ರಾಂ. ಸೆನ್ಸರ್ ಕೂಡ 102 ಎನ್ನುತ್ತಿದೆ. ಒಳಗೆ ಬಂದದ್ದೆಲ್ಲ ಸಿಲಿಂಡರಿಗೇ ಹೋಗುತ್ತಿದೆ. ಬೂಸ್ಟ್ ಲೀಕ್ ಇದ್ದಿದ್ದರೆ ಸೆನ್ಸರ್ ಅಂಕಿ ಇದಕ್ಕಿಂತ ಮೇಲಿರುತ್ತಿತ್ತು, ಲ್ಯಾಂಬ್ಡಾ ಮತ್ತೆ ರಿಚ್ ಆಗುತ್ತಿತ್ತು. ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದ್ದರೆ ಗಾಳಿ ಮುಂದೆ ಹೋಗಲಾಗದೆ ಬೂಸ್ಟ್ ಏರುತ್ತಿತ್ತು, ಇಳಿಯುತ್ತಿರಲಿಲ್ಲ.

ಹಾಗಾದರೆ ಸೂಪರ್‌ಚಾರ್ಜರೇ ಕಡಿಮೆ ಗಾಳಿ ಕೊಡುತ್ತಿದೆ. ಎಂ45 ಎಂದರೆ ಒಂದು ಸುತ್ತಿಗೆ 45 ಘನ ಇಂಚು, ಅಂದರೆ 0.74 ಲೀಟರ್. ಎಷ್ಟು ಸುತ್ತು ತಿರುಗಿತೋ ಅಷ್ಟು ಗಾಳಿ. ಒಟ್ಟು ಒತ್ತಡ 1.78 ಇರಬೇಕಾದ್ದು 1.62 ಇದೆ, ಶೇ 9 ಖೋತಾ. ರೋಟರ್ ಸವೆತದಿಂದ ಆಗುವ ಸೋರಿಕೆ ಕಡಿಮೆ ಆರ್‌ಪಿಎಂನಲ್ಲಿ ಹೆಚ್ಚು ಕಾಣುತ್ತದೆ, ವೇಗ ಏರಿದಂತೆ ಅದರ ಪಾಲು ಕುಗ್ಗುತ್ತದೆ. ಬೆಲ್ಟ್ ಜಾರುವುದು ಉಲ್ಟಾ, ಮೇಲೆ ಹೋದಂತೆ ಹೆಚ್ಚು. ಲಾಗ್‌ನಲ್ಲಿ 3000ದ ಬೂಸ್ಟ್ ಸರಿಯಿದ್ದು 5000ದಲ್ಲಿ ಬಿದ್ದಿದ್ದರೆ ಜಾರುತ್ತಿದೆ ಎಂದೇ ಅರ್ಥ.

ಬೆಲ್ಟನ್ನು ಮಾತ್ರ ನೋಡಿ ಬಿಡಬೇಡಿ, ಅದನ್ನು ತಿರುಗಿಸುವ ಕ್ರ್ಯಾಂಕ್ ಪುಲ್ಲಿಯನ್ನೂ ನೋಡಿ. ಒಳಗಿನ ಹಬ್ಬಿಗೂ ಹೊರಗಿನ ಬಳೆಗೂ ನಡುವೆ ರಬ್ಬರ್ ಇರುತ್ತದೆ. ಹಬ್‌ನಿಂದ ರಬ್ಬರ್ ದಾಟಿ ಬಳೆಯವರೆಗೆ ಬಿಳಿ ಪೇಂಟ್‌ನಲ್ಲಿ ನೇರ ಗೆರೆ ಎಳೆಯಿರಿ. ಒಣಗಿದ ಮೇಲೆ ಒಂದು ಪೂರ್ತಿ ತುಳಿತ ಕೊಟ್ಟು, ಇಂಜಿನ್ ನಿಲ್ಲಿಸಿ ನೋಡಿ.

ಗಾಳಿಗೊಳವೆ

3000ದಲ್ಲಿ ಬೂಸ್ಟ್ ಸರಿಯಾಗೇ ಇದೆ. ಪುಲ್ಲಿಯ ಗೆರೆ ಎರಡು ತುಂಡಾಗಿದೆ. ಹೊರಗಿನ ಬಳೆ ಸುಮಾರು 12 ಮಿ.ಮೀ. ಹಿಂದಕ್ಕೆ ಸರಿದಿದೆ, ರಬ್ಬರಿನ ಅಂಚಿನಲ್ಲಿ ಕರಿ ಪುಡಿ ಇದೆ.

ಡಯಾಫ್ರಾಂ

ಪುಲ್ಲಿ ಹೋಗಿದೆ, ಇನ್ನು ಓಡಿಸಬೇಡಿ. ಬಳೆ ಕಳಚಿದ್ರೆ ಬೆಲ್ಟ್ ಜೊತೆ ವಾಟರ್ ಪಂಪೂ ನಿಲ್ಲೋ ಇಂಜಿನ್ ಇವು.

ಹೊಸ ಪುಲ್ಲಿ ಹಾಕುವಾಗ ಬೋಲ್ಟ್ ಕೂಡ ಹೊಸದೇ ಇರಲಿ, ಟಾರ್ಕ್ ಕೈಪಿಡಿ ಪ್ರಕಾರ. ಲಾಕಿಂಗ್ ಟೂಲ್ ಬಳಸಿ, ಫ್ಲೈವೀಲ್ ಹಲ್ಲಿಗೆ ಸ್ಕ್ರೂಡ್ರೈವರ್ ಕೊಟ್ಟು ಹಿಡೀಬೇಡಿ, ಹಲ್ಲು ಮುರಿಯುತ್ತೆ. ಬೆಲ್ಟ್ ಹೊಳಪು ಬಂದಿದ್ರೆ ಅದೂ ಹೊಸದು. ಟೆನ್ಷನರ್‌ನ ತೋಳು ತನ್ನ ಎರಡು ಗುರುತುಗಳ ನಡುವೆ ನಿಲ್ಲಬೇಕು, ಕೈಯಲ್ಲಿ ಎಳೆದು ಬಿಟ್ರೆ ತಡೆಯಿಲ್ಲದೆ ವಾಪಸ್ ಬರಬೇಕು. ಬೆಲ್ಟಿಗೆ ಅಂಟು ಸ್ಪ್ರೇ ಹೊಡೆಯೋದು ಬೇಡವೇ ಬೇಡ.

ಬೆಲ್ಟ್ ಕೈಯಲ್ಲಿರುವಾಗಲೇ ಸೂಪರ್‌ಚಾರ್ಜರ್ ಪುಲ್ಲೀನ ಕೈಯಿಂದ ತಿರುಗಿಸಿ ನೋಡಿ. ಉಜ್ಜೋ ಸದ್ದಿಲ್ಲದೆ ನುಣ್ಣಗೆ ತಿರುಗಿದ್ರೆ ಬೇರಿಂಗ್ ಚೆನ್ನಾಗಿದೆ. ಗೇರ್ ಎಣ್ಣೆಗೆ ಅದರದ್ದೇ ಸಿಂಥೆಟಿಕ್ ಬರುತ್ತೆ, ಇಂಜಿನ್ ಆಯಿಲ್ ಬೆರೆಸಬಾರದು.

ಎಲ್ಲ ಕೂರಿಸಿದ ಮೇಲೆ ಕೋಡ್ ಮಾತ್ರ ಅಳಿಸಿದ್ರೆ ಸಾಲದು, ಹಳೇ ಟ್ರಿಮ್ ಕಲಿಕೆಯನ್ನೂ ಸ್ಕ್ಯಾನರ್‌ನಿಂದ ಅಳಿಸಿ. ಬಿಳಿ ಗೆರೆ ಹೊಸ ಪುಲ್ಲಿ ಮೇಲೂ ಎಳೆದಿಡಿ, 1000 ಕಿ.ಮೀ. ಆದ ಮೇಲೆ ಒಂದು ಸಲ ನೋಡೋಕೆ.